ಐರಾವತ ಇಂಡೊನೇಷ್ಯಾದ ರಸ್ತೆಯಲ್ಲೇ ಓಡಬೇಕೇ?

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಮಾಡುವವರಿಗೆ ಸರ್ಕಾರ ಸಹಾಯಧನ ಕೊಡುವುದನ್ನು ಖಂಡಿಸಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮಕ್ಕಳ ಕೈಗೆ ಜೂಜು ಕೊಟ್ಟು ಅದಕ್ಕೆ ಉದ್ಯಮ ಅಂತ ಹೆಸರಿಡುತ್ತಿದ್ದಾರೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ಅರ್ಧ ನನ್ನದೂ ಹೌದು. ಉಳಿದರ್ಧಕ್ಕೆ ಉತ್ತರ ಹೇಳಲೇಬೇಕು ಅನ್ನಿಸಿತು. ಪತ್ರ ಉದ್ದವಾಗಿದೆ, ಕ್ಷಮಿಸಿ. ಕತ್ತರಿಸುವುದೇ ಆದರೆ ನನ್ನ ಪರಿಚಯ ಕತ್ತರಿಸಿ, ಕನ್ನಡ ಅಕ್ಷರದ ವಿಷಯ ಮಾತ್ರ ಬಿಡಬೇಡಿ.

ಪರಿಚಯ ಇಷ್ಟೇ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಾವು ಮೂವರು ಸೇರಿ ಮೊಬೈಲ್ ಗೇಮ್ ಮಾಡುತ್ತೇವೆ. ಅದಕ್ಕೆ ಮೊದಲು ನಾನು ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಆಟಗಳಿಗೆ ಕಾರಿನ ಮಾಡೆಲ್ ಮಾಡಿಕೊಡುವ ಕೆಲಸದಲ್ಲಿದ್ದೆ. ಬಂಪರ್, ಹೆಡ್‌ಲೈಟ್, ಡ್ಯಾಶ್‌ಬೋರ್ಡಿನ ಹೊಲಿಗೆ, ಟೈರಿನ ಮೇಲಿನ ಅಕ್ಷರ. ನಾನು ಹೊಲಿಗೆ ಬಿಡಿಸಿದ ಸೀಟುಗಳ ಮೇಲೆ ಎಲ್ಲೆಲ್ಲಿಯ ಮಕ್ಕಳೋ ಕೂತು ಓಡಿಸಿದ್ದಾರೆ. ನನ್ನ ತಂದೆ ಸಾರಿಗೆ ಸಂಸ್ಥೆಯಲ್ಲಿ ಟಿ.ಸಿ. ಆಗಿ ನಿವೃತ್ತರಾದವರು. ಟಿ.ಸಿ. ಅಂದರೆ ಸಂಚಾರ ನಿಯಂತ್ರಕ, ಬಸ್‌ಸ್ಟ್ಯಾಂಡಿನ ಕಿಟಕಿಯಲ್ಲಿ ಕೂತು ‘ಗದಗ ಹೋಗೋರು ಆರನೇ ಅಂಕಣಕ್ಕ ಬರ್ರಿ’ ಅಂತ ಕೂಗುತ್ತಿದ್ದ ಆ ಧ್ವನಿ.

ಮೊದಲು ಜೂಜಿನ ಮಾತು ಮುಗಿಸಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಅದಕ್ಕೂ ಮೊದಲು, 2021ರಲ್ಲಿ, ನಮ್ಮ ರಾಜ್ಯವೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದೇ ಕೆಲಸಕ್ಕೆ ಕೈ ಹಾಕಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದು ದೊಡ್ಡ ಕತೆ. ಈಗಿನ ಕೇಂದ್ರ ಕಾಯ್ದೆಯಲ್ಲಿ ಎರಡು ಮುಖಗಳಿವೆ: ಒಂದು ಕಡೆ ದುಡ್ಡಿನ ಆಟಕ್ಕೆ ನಿಷೇಧ, ಇನ್ನೊಂದು ಕಡೆ ಇ-ಸ್ಪೋರ್ಟ್ಸ್ (ವಿಡಿಯೊ ಗೇಮ್ ಪಂದ್ಯಗಳು) ಮತ್ತು ದುಡ್ಡಿಲ್ಲದ ಸಾಮಾಜಿಕ ಆಟಗಳಿಗೆ ಉತ್ತೇಜನ. ಮೊದಲನೆಯದು ಮನೆಮನೆಗೂ ತಲುಪಿತು, ಎರಡನೆಯದು ಯಾರ ಕಿವಿಗೂ ಬೀಳಲಿಲ್ಲ. ಚಾಲ್ತಿ ಖಾತೆ ತೆರೆಯಲು ಬ್ಯಾಂಕಿಗೆ ಹೋದರೆ ಅರ್ಜಿಯಲ್ಲಿ ‘ಗೇಮ್’ ಅನ್ನುವುದನ್ನು ನೋಡಿ ಅಲ್ಲಿಯ ಅಧಿಕಾರಿ ಕನ್ನಡಕ ಕೆಳಗಿಳಿಸಿ ಕೇಳಿದರು: ‘ಅಲ್ರೀ ಮೇಡಂ, ರಮ್ಮಿ ಅಲ್ಲ ಹೌದಿಲ್ಲೋ?’ ಮನೆ ಮಾಲೀಕರೂ ಅದನ್ನೇ ಕೇಳಿದ್ದರು. ಕೊನೆಗೆ ಆಟವನ್ನೇ ಮೊಬೈಲಿನಲ್ಲಿ ತೋರಿಸಿದೆ. ಅಧಿಕಾರಿಗಳು ಒಂದು ಬಸ್ಸನ್ನು ಹುಬ್ಬಳ್ಳಿಯಿಂದ ನವಲಗುಂದಕ್ಕೆ ಕಳಿಸಿ, ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿದ ಮೇಲೆ ಮೊಬೈಲ್ ವಾಪಸ್ ಕೊಟ್ಟರು.

ಗುರುಗಳೇ, ರಮ್ಮಿಯೂ ನಾವು ಮಾಡುವುದೂ ಒಂದೇ ಪರದೆಯ ಮೇಲೆ ಬರುತ್ತವೆ ಅನ್ನುವುದು ಬಿಟ್ಟರೆ ಬೇರೆ ನಂಟಿಲ್ಲ.

ಈಗ ಮಕ್ಕಳ ವಿಷಯ. ನಿಮ್ಮ ಶಾಲೆಯ ಹುಡುಗರು ಆಡುವ ಆಟಗಳಲ್ಲಿ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಅಂತ ಒಂದಿದೆ. 2017ರಲ್ಲಿ ಇಂಡೊನೇಷ್ಯಾದ ಮಾಲಿಯೊ ಎಂಬ ಸ್ಟುಡಿಯೊ ಅದನ್ನು ತಂದಿತು. ಅವರು ಅಮೆರಿಕದವರಿಗೆ ಇಷ್ಟವಾಗಲಿ ಅಂತ ನ್ಯೂಯಾರ್ಕಿನ ಬಸ್ಸು ಮಾಡಲಿಲ್ಲ. ತಮ್ಮ ಊರಿನ ರಸ್ತೆ, ತಮ್ಮ ಊರಿನ ಬಣ್ಣಬಣ್ಣದ ಬಸ್ಸು, ಆ ಬಸ್ಸುಗಳ ರಾಗದ ಹಾರ್ನು, ಎಲ್ಲವನ್ನೂ ಹಾಗೆ ಹಾಗೆಯೇ ಇಟ್ಟರು. ಜೊತೆಗೆ, ಬಸ್ಸಿನ ಮೈಗೆ ನಮಗೆ ಬೇಕಾದ ಬಣ್ಣ-ಚಿತ್ರ ಹಾಕಿಕೊಳ್ಳಲು ಅವಕಾಶ ಬಿಟ್ಟರು. ನಮ್ಮ ಹುಡುಗರು ಮಾಡಿದ್ದೇನು ಗೊತ್ತೇ? ಕರ್ನಾಟಕ ಸಾರಿಗೆಯ ಕೆಂಪು ಬಸ್ಸು, ರಾಜಹಂಸ, ಐರಾವತ, ಎಲ್ಲದರ ಮೈಬಣ್ಣ ತಾವೇ ಬಿಡಿಸಿ, ಯೂಟ್ಯೂಬಿನಲ್ಲಿ ಹಂಚಿಕೊಂಡು, ಇಂಡೊನೇಷ್ಯಾದ ರಸ್ತೆಯ ಮೇಲೆ ಐರಾವತ ಓಡಿಸುತ್ತಿದ್ದಾರೆ. ಬೋರ್ಡಿನ ಮೇಲೆ ಕನ್ನಡದಲ್ಲಿ ಬೆಂಗಳೂರು, ಕಿಟಕಿಯಾಚೆ ಜಾವಾ ದ್ವೀಪ.

ಇದನ್ನು ಮೊದಲ ಸಲ ನನಗೆ ತೋರಿಸಿದ್ದು ಅಕ್ಕನ ಮಗ. ನಕ್ಕೆ, ಆಮೇಲೆ ಹೊಟ್ಟೆ ಉರಿಯಿತು. ಆ ಹುಡುಗರು ಕೆಟ್ಟುಹೋದವರಲ್ಲ, ಸ್ವಾಮಿ. ತಮ್ಮೂರಿನ ಬಸ್ಸು ಬೇಕು ಅಂತ ಹಠ ಹಿಡಿದು, ಯಾರೂ ಕಲಿಸದೆ ಫೋಟೊ ಎಡಿಟಿಂಗ್ ಕಲಿತು, ಸಾಲದ್ದಕ್ಕೆ ಅಳತೆ ಸರಿ ಇಲ್ಲ ಅಂತ ಒಬ್ಬರಿಗೊಬ್ಬರು ಜಗಳ ಆಡುವವರು. ನಮ್ಮ ಉದ್ಯಮಕ್ಕೆ ಬೇಕಾದ ಕಲಾವಿದರು ಅಲ್ಲೇ ಇದ್ದಾರೆ. ಅವರಿಗೆ ಓಡಿಸಲು ನಮ್ಮ ರಸ್ತೆ ಇಲ್ಲ, ಅಷ್ಟೇ.

ಆ ರಸ್ತೆ ಮಾಡಲು ಹೊರಟವರು ನಾವು. ನಮ್ಮದು ಡ್ರೈವಿಂಗ್ ಆಟವಲ್ಲ, ಡಿಪೊ ನಡೆಸುವ ಆಟ. ಕೈಯಲ್ಲಿ ಕೆಲವು ಹಳೇ ಗಾಡಿ, ಕೆಲವು ಹೊಸ ಗಾಡಿ, ಅಷ್ಟು ಡ್ರೈವರ್-ಕಂಡಕ್ಟರ್. ಯಾವ ಮಾರ್ಗಕ್ಕೆ ಯಾವ ಗಾಡಿ, ಯಾರಿಗೆ ನೈಟ್ ಹಾಲ್ಟ್, ಯಾವ ಶೆಡ್ಯೂಲ್ ಕ್ಯಾನ್ಸಲ್ ಮಾಡಿದರೆ ಯಾವ ಹಳ್ಳಿಯವರು ರಸ್ತೆಗಿಳಿಯುತ್ತಾರೆ, ಇದೇ ಆಟ. ಮೊದಲ ಆವೃತ್ತಿಯನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ಕೂತಲ್ಲೇ ತಪ್ಪು ಹಿಡಿಯತೊಡಗಿದರು. ‘ಏನವಾ, ನಿಮ್ಮ ಗಾಡಿ ಡೀಸೆಲ್ ಕುಡಿಯೂದೇ ಇಲ್ಲೇನು? ಕೆಎಂಪಿಎಲ್ ಎಲ್ಲಿ ತೋರಸ್ತೀರಿ?’ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಆ ಲೆಕ್ಕಕ್ಕೆ ಡಿಪೊದಲ್ಲಿ ಡ್ರೈವರುಗಳಿಗೆ ಬಹುಮಾನವೂ ಇರುತ್ತದೆ, ಬೈಗುಳವೂ ಇರುತ್ತದೆ. ಆಮೇಲೆ ಫಾರಂ-4 ಬಂತು, ಪ್ರತಿ ಶೆಡ್ಯೂಲಿನ ಹೊರಡುವ-ಮುಟ್ಟುವ ಹೊತ್ತಿನ ಪಟ್ಟಿ. ಆಮೇಲೆ ಸವದತ್ತಿ ಬಂತು. ‘ಹುಣ್ಣಿಮಿ ದಿನ ಎಲ್ಲಮ್ಮನ ಗುಡ್ಡಕ್ಕ ಗದ್ಲ ಎಷ್ಟಿರ್ತೈತಿ ಗೊತ್ತೈತೇನ ನಿನಗ? ಜಾತ್ರಿ ಸ್ಪೆಷಲ್ ಇಲ್ಲದ ಅದೆಂಥಾ ಡಿಪೊ?’ ಈಗ ನಮ್ಮ ಆಟದ ಅತ್ಯಂತ ಕಷ್ಟದ ಹಂತ ಅಂದರೆ ಬನದ ಹುಣ್ಣಿಮೆ. ದಿನದ ಮಾರ್ಗಗಳಿಂದ ಗಾಡಿ ಕಿತ್ತು ಗುಡ್ಡಕ್ಕೆ ಹಾಕಬೇಕು, ಹಾಕಿದರೆ ಕಾಲೇಜು ಹುಡುಗಿಯರು ಸ್ಟಾಪಿನಲ್ಲಿ ನಿಲ್ಲುತ್ತಾರೆ, ಹಾಕದಿದ್ದರೆ ಗುಡ್ಡದಲ್ಲಿ ಜನ ಬಸ್ಸಿನ ಟಾಪ್ ಹತ್ತುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಲೆಕ್ಕವೆಲ್ಲ ಹೊಸದಾಗಿ ಬರೆಯಬೇಕಾಯಿತು: ಗಾಡಿ ತುಂಬಿದ್ದರೂ ಕಂಡಕ್ಟರನ ಚೀಲ ತುಂಬಿರುವುದಿಲ್ಲ, ಸರ್ಕಾರದ ಮರುಪಾವತಿ ಬೇರೆ ಕಡೆಯಿಂದ ಬರಬೇಕು, ಅದು ಯಾವಾಗ ಬರುತ್ತದೆ ಅನ್ನುವುದೇ ಆಟದ ಹೊಸ ತಿರುವು. ಇದನ್ನು ರಾಜಕೀಯ ಅಂದವರಿದ್ದಾರೆ. ಡಿಪೊ ಮ್ಯಾನೇಜರುಗಳು ಮಾತ್ರ ಏನೂ ಅನ್ನದೆ ನಗುತ್ತಾರೆ.

ಇಂಥ ಆಟವನ್ನು ಮಾರುಕಟ್ಟೆ ತಾನಾಗಿ ಸಾಕುವುದಿಲ್ಲ, ಯಾಕೆ ಅನ್ನುವುದನ್ನು ಸರಳವಾಗಿ ಹೇಳುತ್ತೇನೆ. ಮೊಬೈಲ್ ಗೇಮಿಗೆ ದುಡ್ಡು ಬರುವುದು ಎರಡು ಕಡೆಯಿಂದ. ಒಂದು, ಆಟಗಾರ ಒಳಗೆ ಏನಾದರೂ ಕೊಂಡರೆ. ಅದರಲ್ಲಿ ಆಪ್ ಅಂಗಡಿಯವರ ಪಾಲು ನಮ್ಮಂಥ ಸಣ್ಣವರಿಗೆ 15%, ದೊಡ್ಡವರಿಗೆ 30%. ಎರಡು, ನಡುನಡುವೆ ಬರುವ ಜಾಹೀರಾತು. ಅದೇ ಜಾಹೀರಾತನ್ನು ಅಮೆರಿಕದಲ್ಲಿ ಸಾವಿರ ಸಲ ತೋರಿಸಿದರೆ ಸಿಗುವ ಹಣದ ಸಣ್ಣದೊಂದು ಪಾಲು ಮಾತ್ರ ಕುಂದಗೋಳದಲ್ಲಿ ಸಾವಿರ ಸಲ ತೋರಿಸಿದಾಗ ಸಿಗುತ್ತದೆ. ಆದ್ದರಿಂದ ಬುದ್ಧಿವಂತರಾದವರು ಮಾಡುವುದು ಒಂದೇ: ಅಮೆರಿಕದವರಿಗಾಗಿ ಆಟ ಮಾಡುವುದು, ಇಲ್ಲವೇ ಅಮೆರಿಕದವರ ಆಟಕ್ಕೆ ಬಂಪರ್ ಮಾಡಿಕೊಡುವುದು. ಎರಡನೆಯದನ್ನು ನಾನೂ ಮಾಡಿದ್ದೇನೆ, ಅದರಲ್ಲೇ ಮನೆ ನಡೆದಿದೆ, ಅದನ್ನು ಹಳಿಯುವುದಿಲ್ಲ.

ಆದರೆ ಅದರ ಇತಿಹಾಸವನ್ನು ನೋಡಬೇಕು. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಹುಟ್ಟಿದ್ದು 1997ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ರಾಜೇಶ್ ರಾವ್ ಕಟ್ಟಿದ್ದು. ಹೊರಗಿನವರ ಆಟಗಳಿಗೆ ಕಲಾಕೆಲಸ ಮಾಡಿಕೊಡುತ್ತ ಬೆಳೆದ ಆ ಕಂಪನಿಯನ್ನು ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು, 2019ರಲ್ಲಿ ಅದರ ಕೈಯಿಂದ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಜಗತ್ತಿನ ಅತಿ ದುಬಾರಿ ಆಟಗಳಲ್ಲಿ ಬೆಂಗಳೂರಿನವರ ಕೈಚಳಕ ಇದೆ, ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಗೌಡರೂ ಇದ್ದಾರೆ ಪಾಟೀಲರೂ ಇದ್ದಾರೆ. ಹೆಮ್ಮೆಯೇ. ಆದರೆ ಆ ಆಟಗಳ ಒಡೆತನ ಇಲ್ಲಿಯದಲ್ಲ. ಒಡೆತನ ಇಲ್ಲದ ಕೆಲಸ ಏನಾಗುತ್ತದೆ ಅನ್ನುವುದನ್ನು 2025ರ ಫೆಬ್ರುವರಿಯಲ್ಲಿ ಕಂಡೆವು. ಪ್ಯಾರಿಸ್‌ನಲ್ಲಿ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಗುಂಪು ಕುಸಿಯಿತು, ಬೆಂಗಳೂರಿನಲ್ಲಿ ಸಾವಿರಾರು ಆನಿಮೇಷನ್, ವಿಎಫ್‌ಎಕ್ಸ್ ಕಲಾವಿದರು ರಾತ್ರೋರಾತ್ರಿ ಬೀದಿಗೆ ಬಿದ್ದರು. ಕೆಲಸ ಕೆಟ್ಟದಿತ್ತು ಅಂತಲ್ಲ. ಅಲ್ಲಿಯ ಲೆಕ್ಕದ ಪುಸ್ತಕ ಮುಳುಗಿತು, ಇಲ್ಲಿಯ ಸಂಬಳ ನಿಂತಿತು.

ನಮ್ಮ ಸರ್ಕಾರಕ್ಕೆ ಈ ಕ್ಷೇತ್ರ ಹೊಸದಲ್ಲ. ಆನಿಮೇಷನ್-ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಆಮೇಲೆ 2017ರದ್ದು, ಈಗ ನಡೆಯುತ್ತಿರುವುದು 2024-29ರ, ಆನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಎಲ್ಲ ಸೇರಿದ ಎವಿಜಿಸಿ-ಎಕ್ಸ್‌ಆರ್ ನೀತಿ. ಅದರ ಗುರಿಗಳನ್ನು ಓದಿ: 2028ರ ಹೊತ್ತಿಗೆ 30,000 ಹೊಸ ಉದ್ಯೋಗ, ಉದ್ಯಮದ ಆದಾಯದಲ್ಲಿ ಕನಿಷ್ಠ 80% ರಫ್ತಿನಿಂದ. ನನ್ನ ತಕರಾರು ಈ 80ರ ಬಗ್ಗೆ. ಮೂವತ್ತು ಸಾವಿರ ಕೆಲಸ ಬರಲಿ, ಬೇಡ ಅನ್ನಲು ನಾನ್ಯಾರು. ಆದರೆ ಕನ್ನಡ ನಾಡಿನ ಖಜಾನೆಯಿಂದ ಹಣ ಪಡೆಯುವ ಉದ್ಯಮ ನಮ್ಮ ಮಕ್ಕಳು ಆಡುವಂಥದ್ದನ್ನು ಎಷ್ಟು ಮಾಡಬೇಕು ಅನ್ನುವುದಕ್ಕೆ ಒಂದು ಗುರಿ ಬೇಡವೇ? ರಫ್ತಿಗೆ ಶೇಕಡಾವಾರು ಗುರಿ ಇಡಲು ಬಂದವರಿಗೆ ಕನ್ನಡಕ್ಕೆ ಇಡಲು ಯಾಕೆ ಬರುವುದಿಲ್ಲ?

ಇದು ಭಾವುಕತೆ ಅನ್ನುವವರಿಗೆ ನಮ್ಮದೇ ಉದಾಹರಣೆ ಕೊಡುತ್ತೇನೆ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ಚಿತ್ರೀಕರಣಗೊಂಡದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ಕನ್ನಡ ಸಿನಿಮಾ ಅಂದರೆ ಮದ್ರಾಸಿನ ಬಾಡಿಗೆ ಸ್ಟುಡಿಯೊ. ನಟರು ಅಲ್ಲೇ, ತಂತ್ರಜ್ಞರು ಅಲ್ಲೇ, ಊಟವೂ ಅಲ್ಲಿಯದೇ. ಅರವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೊ ಎದ್ದಿತು, ರಾಜ್ಯದೊಳಗೇ ಚಿತ್ರ ತಯಾರಿಸುವವರಿಗೆ ಸರ್ಕಾರ ಸಹಾಯಧನ ಕೊಡತೊಡಗಿತು. ಮದ್ರಾಸಿನಲ್ಲಿದ್ದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಗಾಂಧಿನಗರಕ್ಕೆ ಬಂದರು. ಆ ಸಹಾಯಧನದ ಷರತ್ತು ‘ಸಿನಿಮಾ ಮಾಡಿ’ ಅಂತ ಮಾತ್ರ ಇರಲಿಲ್ಲ, ‘ಇಲ್ಲಿ ಮಾಡಿ’ ಅಂತ ಇತ್ತು. ಈಗ ಗೇಮಿಗೆ ಬೇಕಾದ ಷರತ್ತು ಇನ್ನೊಂದು ಮೆಟ್ಟಿಲು: ಇಲ್ಲಿ ಮಾಡಿ, ಕನ್ನಡದಲ್ಲೂ ಮಾಡಿ.

ಇಂಥ ಷರತ್ತನ್ನು ಗೇಮ್ ಉದ್ಯಮಕ್ಕೇ ಹಾಕಿ ಗೆದ್ದವರು ಇದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನ ಫ್ರೆಂಚ್ ಆಡುತ್ತಾರೆ, ಸುತ್ತಲೂ ಇಂಗ್ಲಿಷ್. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಯ ಸರ್ಕಾರ ಗೇಮ್ ಕಂಪನಿಗಳಿಗೆ ಸಂಬಳದ ಖರ್ಚಿನ ಮೇಲೆ ತೆರಿಗೆ ರಿಯಾಯಿತಿ ಕೊಡತೊಡಗಿತು. 1997ರಲ್ಲಿ ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್ ಮಾಂಟ್ರಿಯಲ್‌ಗೆ ಬಂತು, ಹಿಂದೆಯೇ ಉಳಿದವರು. ವರ್ಷಗಟ್ಟಲೆ ನಡೆದ ಆ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮ ಇತ್ತು: ಮಾರುಕಟ್ಟೆಗೆ ಮಾಡಿದ ಆಟಕ್ಕೆ ರಿಯಾಯಿತಿ 30%, ಅದೇ ಆಟ ಫ್ರೆಂಚಿನಲ್ಲೂ ಸಿಗುವಂತಿದ್ದರೆ 37.5%. ಯಾರನ್ನೂ ಬಲವಂತ ಮಾಡಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಮಾಡುತ್ತೀರಾ, ಮಾಡಿ, ಏಳೂವರೆ ಪಾಲು ಬಿಟ್ಟುಕೊಡಿ ಅಷ್ಟೇ. ಯಾವ ಕಂಪನಿಯ ಲೆಕ್ಕಿಗನೂ ಅದನ್ನು ಬಿಡುವುದಿಲ್ಲ. ಈಚೆಗೆ ಅಲ್ಲಿ ರಿಯಾಯಿತಿಯ ನಿಯಮಗಳನ್ನು ಬದಲಿಸಿದ್ದಾರೆ, ಆದರೆ ಅಷ್ಟರಲ್ಲಿ ಊರು ತುಂಬ ಸ್ಟುಡಿಯೊ ನಿಂತಿದ್ದವು. ಕ್ವಿಬೆಕ್‌ನ ಜನಸಂಖ್ಯೆ ಒಂದು ಕೋಟಿಯೂ ಇಲ್ಲ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಅಂದವರು 4.37 ಕೋಟಿ.

ಸಹಾಯಧನ ಅಂದಕೂಡಲೇ ‘ಸಬ್ಸಿಡಿ ಸಿನಿಮಾ’ ನೆನಪಾಗುತ್ತದೆ, ಗೊತ್ತಿದೆ. ಥಿಯೇಟರಿಗೆ ಬಾರದೆ ಬರೀ ಕಡತಕ್ಕೆ ಬಂದ ಚಿತ್ರಗಳ ಬಗ್ಗೆ ನಿಮ್ಮ ಪತ್ರಿಕೆಯೂ ಬರೆದಿರಬಹುದು. ‘ಸಬ್ಸಿಡಿ ಗೇಮ್’ ಕೂಡ ಬಂದೇ ಬರುತ್ತದೆ. ಒಂದು ಟೆಂಪ್ಲೇಟ್ ಕೊಂಡು, ಮೇಲೆ ಕನ್ನಡ ಹೆಸರು ಅಂಟಿಸಿ, ಅರ್ಜಿ ಹಾಕುವವರು ನಾಳೆ ಬೆಳಿಗ್ಗೆಯೇ ತಯಾರಾಗುತ್ತಾರೆ. ಅದಕ್ಕೆ ಮದ್ದು ದುಡ್ಡನ್ನು ಒಂದೇ ಸಲ ಕೊಡದಿರುವುದು. ಮೊದಲು ಚಿಕ್ಕ ಮೊತ್ತ, ಆಡಬಲ್ಲ ಒಂದು ಮಾದರಿಗೆ ಮಾತ್ರ. ಅದನ್ನು ನಿಜವಾದ ಆಟಗಾರರ ಕೈಗೆ ಕೊಟ್ಟು ನೋಡಿ, ಆಮೇಲೆ ಮುಂದಿನ ಕಂತು. ಬ್ರಿಟನ್ನಿನಲ್ಲಿ ಯುಕೆ ಗೇಮ್ಸ್ ಫಂಡ್ ಎಂಬುದು ಹೀಗೇ ಸಣ್ಣ ತಂಡಗಳಿಗೆ ಮಾದರಿ ತಯಾರಿಸಲು ಅನುದಾನ ಕೊಡುತ್ತ ಬಂದಿದೆ. ಆ ನಿಧಿಯ ಕಚೇರಿ ಲಂಡನ್ನಿನಲ್ಲಿಲ್ಲ, ಸ್ಕಾಟ್‌ಲೆಂಡಿನ ಡಂಡೀ ಎಂಬ ಊರಿನಲ್ಲಿದೆ.

ಡಂಡೀ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಅದು ನಮ್ಮಂಥ ಊರು. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ಹುಬ್ಬಳ್ಳಿಯ ಪಕ್ಕದಲ್ಲಿ ಇಟ್ಟರೆ ಕಾಣುವುದೇ ಇಲ್ಲ. ಒಂದು ಕಾಲಕ್ಕೆ ಸೆಣಬಿನ ಗಿರಣಿಗಳ ಊರು. ಬಂಗಾಳದಿಂದ ಹೋದ ಸೆಣಬು ಅಲ್ಲಿ ಗೋಣಿಯಾಗುತ್ತಿತ್ತು. ಗಿರಣಿಗಳು ಮುಚ್ಚಿದವು. ಗಿರಣಿ ಮುಚ್ಚಿದ ಊರು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿದ್ದ ಟೈಮೆಕ್ಸ್ ಕಾರ್ಖಾನೆಯಲ್ಲಿ ಎಂಬತ್ತರ ದಶಕದಲ್ಲಿ ಸ್ಪೆಕ್ಟ್ರಮ್ ಎಂಬ ಅಗ್ಗದ ಮನೆ-ಕಂಪ್ಯೂಟರ್ ಜೋಡಿಸುತ್ತಿದ್ದರು. ಊರ ಹುಡುಗರಿಗೆ ಕಂಪ್ಯೂಟರ್ ಕೈಗೆ ಸಿಕ್ಕಿತು. ಅವರಲ್ಲಿ ಕೆಲವರು ಸೇರಿ ಕಟ್ಟಿದ ಡಿಎಂಎ ಡಿಸೈನ್ 1991ರಲ್ಲಿ ‘ಲೆಮಿಂಗ್ಸ್’ ಮಾಡಿತು, 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡಿತು. ಅದೇ ವರ್ಷ ಊರಿನ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್ ಪದವಿ ತೆರೆಯಿತು, ಜಗತ್ತಿನಲ್ಲೇ ಮೊದಲನೆಯದು ಅನ್ನುತ್ತಾರೆ. ಕಂಪ್ಯೂಟರ್ ಕಾರ್ಖಾನೆ ಹೋದರೂ ಕಲಿತ ಕೈಗಳು ಊರು ಬಿಡಲಿಲ್ಲ.

ನಮ್ಮಲ್ಲಿ ಬೆಂಗಳೂರಿನಾಚೆ ಅಂತ ಸರ್ಕಾರದ ಘೋಷಣೆ ಇದೆ, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕ್ಲಸ್ಟರ್ ಅಂತ ಹೆಸರಿಟ್ಟಿದ್ದಾರೆ. ಗೇಮಿಂಗಿನ ಉತ್ಕೃಷ್ಟತಾ ಕೇಂದ್ರ ಮಾತ್ರ ಬೆಂಗಳೂರಿನಲ್ಲಿ. ನಾನ್ನೂರು ಕಿಲೋಮೀಟರ್ ದೂರದ ಸ್ಟುಡಿಯೊ ಬಳಸಲು ವಂದೇ ಭಾರತ್ ಹತ್ತಬೇಕು, ಟಿಕೆಟಿನ ದುಡ್ಡಲ್ಲಿ ನಮ್ಮ ತಿಂಗಳ ಇಂಟರ್‌ನೆಟ್ ಬಿಲ್ ಕಟ್ಟಬಹುದು. ಧಾರವಾಡದಲ್ಲಿ, ಕಲಬುರ್ಗಿಯಲ್ಲಿ, ದಾವಣಗೆರೆಯಲ್ಲಿ ಚಿತ್ರಕಲಾ ಕಾಲೇಜುಗಳಿವೆ. ಅಲ್ಲಿಯ ಹುಡುಗರು ಕೈಯಲ್ಲಿ ಬಿಡಿಸುವುದನ್ನು ನೋಡಿದರೆ ನಾನು ಬೆಂಗಳೂರಿನಲ್ಲಿ ಕಂಡ ಎಷ್ಟೋ ಸೀನಿಯರ್ ಆರ್ಟಿಸ್ಟುಗಳು ತಲೆ ತಗ್ಗಿಸಬೇಕು. ಅವರಿಗೆ ಬೇಕಾದದ್ದು ಭವ್ಯ ಕಟ್ಟಡವಲ್ಲ. ಒಳ್ಳೆ ಗ್ರಾಫಿಕ್ ಕಾರ್ಡಿರುವ ಹತ್ತು ಕಂಪ್ಯೂಟರ್, ಹತ್ತು ಪೆನ್ ಟ್ಯಾಬ್ಲೆಟ್, ಸಂಜೆ ಹೊತ್ತು ಬಾಗಿಲು ತೆರೆದಿಡುವ ಒಬ್ಬ ಮನುಷ್ಯ.

ಈಗ ಅಕ್ಷರದ ವಿಷಯ. ಕತ್ತರಿಸಬೇಡಿ ಅಂದದ್ದು ಇದನ್ನೇ.

ನಾವು ಬಳಸುವುದು ಯೂನಿಟಿ ಎಂಬ ಗೇಮ್ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ; ಜಗತ್ತಿನ ಮೊಬೈಲ್ ಆಟಗಳಲ್ಲಿ ದೊಡ್ಡ ಪಾಲು ಅದರಲ್ಲೇ ತಯಾರಾಗುವುದು. ಅದರಲ್ಲಿ ಅಕ್ಷರ ತೋರಿಸಲು ಎಲ್ಲರೂ ಬಳಸುವ ಸಾಧನಕ್ಕೆ ಒತ್ತಕ್ಷರ ಕಟ್ಟಲು ಬರುವುದಿಲ್ಲ. ರೋಮನ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಬಕ್ಕೆ ಬ ಒತ್ತು ಕೊಟ್ಟರೆ ಎರಡನೆಯದು ಚಿಕ್ಕದಾಗಿ ಕೆಳಗಿಳಿಯಬೇಕು, ಗುಣಿತ ಅಕ್ಷರದ ಮೈಗೆ ಅಂಟಬೇಕು. ಆ ಕೂಡಿಸುವ ಕೆಲಸ ಅದು ಮಾಡುವುದೇ ಇಲ್ಲ. ನಮ್ಮ ಆಟದ ಮೊದಲ ಬೋರ್ಡು ಪರದೆಯ ಮೇಲೆ ಬಂದದ್ದು ‘ಹುಬ್‌ಬಳ್‌ಳಿ’ ಅಂತ. ಅಪ್ಪ ನೋಡಿ, ‘ಈ ಊರಿಗೆ ನಮ್ಮ ಗಾಡಿ ಹೋಗೂದಿಲ್ಲ’ ಅಂದರು.

ಇದಕ್ಕೆ ನಮ್ಮವರು ಮಾಡಿಕೊಂಡಿರುವ ಉಪಾಯಗಳು ಮೂರು. ಕೆಲವರು ಪ್ರತಿ ಪದವನ್ನೂ ಚಿತ್ರವಾಗಿ ಮಾಡಿ ಅಂಟಿಸುತ್ತಾರೆ. ಒಂದು ಕಾಗುಣಿತ ತಪ್ಪಿದರೆ ಚಿತ್ರವನ್ನೇ ಮತ್ತೆ ಮಾಡಬೇಕು. ಕೆಲವರು ಹಳೆಯ ಡಿಟಿಪಿ ಅಂಗಡಿಗಳ ಕಾಲದ, ಯೂನಿಕೋಡ್ ಅಲ್ಲದ ಫಾಂಟು ತಂದು, ಇಂಗ್ಲಿಷ್ ಕೀಲಿಯ ಹಿಂದೆ ಕನ್ನಡದ ತುಂಡುಗಳನ್ನು ಬಚ್ಚಿಟ್ಟು ಕೆಲಸ ಸಾಗಿಸುತ್ತಾರೆ. ಹಾಗೆ ಬರೆದದ್ದನ್ನು ಆಮೇಲೆ ಹುಡುಕಲೂ ಬರುವುದಿಲ್ಲ, ಬೇರೆಡೆಗೆ ನಕಲಿಸಲೂ ಬರುವುದಿಲ್ಲ. ಮೂರನೆಯವರು, ಅವರೇ ಹೆಚ್ಚು, ‘ಕನ್ನಡ ಬೇಡ ಬಿಡ್ರಿ’ ಅಂತ ಇಂಗ್ಲಿಷಿಗೆ ಹೋಗುತ್ತಾರೆ. ಕನ್ನಡ ಗೇಮ್ ಯಾಕಿಲ್ಲ ಅಂತ ವೇದಿಕೆಯ ಮೇಲೆ ಕೇಳುವ ಮಂತ್ರಿಗಳಿಗೆ ಈ ಕಾರಣವನ್ನು ಯಾರೂ ಹೇಳಿರಲಿಕ್ಕಿಲ್ಲ.

ಪರಿಹಾರ ಆಗದ್ದಲ್ಲ. ಹಾರ್ಫ್‌ಬಜ್ ಎಂಬ ಉಚಿತ ತಂತ್ರಾಂಶ ಈ ಅಕ್ಷರ ಕೂಡಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. 2023ರಲ್ಲಿ ಬಂದ ಗೊಡೊ 4 ಎಂಬ ಉಚಿತ ಎಂಜಿನ್ ಅದನ್ನು ಒಳಗೇ ಸೇರಿಸಿಕೊಂಡಿದೆ, ಅಲ್ಲಿ ಹುಬ್ಬಳ್ಳಿ ಹುಬ್ಬಳ್ಳಿಯಾಗಿಯೇ ಬರುತ್ತದೆ. ಬಲೂ ತಮ್ಮ, ನೋಟೊದಂಥ ಮುಕ್ತ ಕನ್ನಡ ಫಾಂಟುಗಳೂ ಇವೆ. ಆದರೆ ಅರ್ಧ ಮುಗಿದ ಆಟವನ್ನು ಒಂದು ಎಂಜಿನ್ನಿನಿಂದ ಇನ್ನೊಂದಕ್ಕೆ ಎತ್ತಿಡುವುದು ಅಂದರೆ ಮನೆ ಬಿಚ್ಚಿ ಇಟ್ಟಿಗೆ ಇಟ್ಟಿಗೆಯಾಗಿ ಪಕ್ಕದ ಸೈಟಿಗೆ ಸಾಗಿಸಿದಂತೆ. ಯೂನಿಟಿಗೆ ಒಂದು ಗಟ್ಟಿಯಾದ, ಉಚಿತವಾದ, ಹತ್ತು ವರ್ಷ ಯಾರಾದರೂ ನೋಡಿಕೊಳ್ಳುವ ಕನ್ನಡ ಅಕ್ಷರ-ಸಾಧನವನ್ನು ಬರೆಸಿ ಎಲ್ಲರಿಗೂ ಬಿಟ್ಟುಕೊಡಲು ಆಗುವ ಖರ್ಚು, ಒಂದು ಸಮಾವೇಶದ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗಲಾರದು. ಈ ಕೆಲಸವನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರವೇ ಎತ್ತಿಕೊಳ್ಳಬಹುದು. ಒಮ್ಮೆ ಮಾಡಿದರೆ ತುಳುವಿಗೂ ಕೊಂಕಣಿಗೂ ದಾರಿ ಸುಲಭ.

ಇನ್ನೊಂದು ಸಂಗತಿ, ನಮ್ಮ ಸಾಹಿತಿಗಳಿಗೆ ಚೆನ್ನಾಗಿ ಗೊತ್ತಿರುವುದು: ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ವಿಳಂಬ, ಬಾಕಿ, ಶಿಫಾರಸು ಅಂತ ಎಷ್ಟು ಬೈದರೂ ಆ ಖರೀದಿ ಇಲ್ಲದಿದ್ದರೆ ಎಷ್ಟೋ ಸಣ್ಣ ಪ್ರಕಾಶಕರು ಎಂದೋ ಬಾಗಿಲು ಹಾಕುತ್ತಿದ್ದರು. ಅದನ್ನೇ ಗೇಮಿಗೆ ಯಾಕೆ ತರಬಾರದು? ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು, ಅಂದರೆ ಹಳ್ಳಿಯ ಗ್ರಂಥಾಲಯಗಳು, 5,000ಕ್ಕೂ ಹೆಚ್ಚಿವೆ, ಬಹಳಷ್ಟರಲ್ಲಿ ಕಂಪ್ಯೂಟರ್ ಇದೆ, ಸಂಜೆ ಮಕ್ಕಳು ಬರುತ್ತಾರೆ. ಒಂದು ಸಮಿತಿ ವರ್ಷಕ್ಕೆ ಒಂದಷ್ಟು ಒಳ್ಳೆಯ ಕನ್ನಡ ಗೇಮ್ ಆರಿಸಿ, ಜಾಹೀರಾತಿಲ್ಲದ ಪ್ರತಿಗಳನ್ನು ಕೊಂಡು ಅಲ್ಲಿ ಹಾಕಲಿ. ಸಮಿತಿಯಲ್ಲಿ ನಮ್ಮ ಮುಖ್ಯೋಪಾಧ್ಯಾಯರೇ ಇರಲಿ, ನನ್ನ ಅಭ್ಯಂತರವಿಲ್ಲ. ಜೂಜು ಕಂಡರೆ ಕಿತ್ತೆಸೆಯಲಿ. ಬರೀ ರಫ್ತನ್ನೇ ನಂಬಿದ ಉದ್ಯಮಕ್ಕೆ ಒಂದು ಖಾತ್ರಿಯ ಒಳಮಾರುಕಟ್ಟೆ ಹೀಗೆ ಹುಟ್ಟುತ್ತದೆ.

ಯಾವ ಕತೆಯ ಆಟ ಅನ್ನುವುದನ್ನು ಮಾತ್ರ ದಯವಿಟ್ಟು ಸಮಿತಿ ನಿರ್ಧರಿಸದಿರಲಿ. ನಾನು ಹೋದ ಪ್ರತಿ ಸಭೆಯಲ್ಲೂ ಯಾರಾದರೂ ಎದ್ದು ‘ರಾಮಾಯಣ ಮಾಡಿ, ಮಹಾಭಾರತ ಮಾಡಿ’ ಅನ್ನುತ್ತಾರೆ. ಮಾಡುವವರು ಮಾಡಲಿ, ಪುಣೆಯ ಸಣ್ಣ ತಂಡವೊಂದು 2020ರಲ್ಲಿ ತಂದ ‘ರಾಜಿ’ ಪುರಾಣದ ನೆರಳಲ್ಲೇ ಹುಟ್ಟಿ ಜಗತ್ತಿನ ಗಮನ ಸೆಳೆಯಿತು, ಅದರ ಚಿತ್ರಗಳನ್ನು ನೋಡಿ ನಾನೂ ಸಂತೋಷಪಟ್ಟಿದ್ದೇನೆ. ಅಳಿಗುಳಿ ಮಣೆ, ಚೌಕಾಬಾರ, ಹುಲಿಕಟ್ಟೆ ಮಾಡಿದರೂ ಒಳ್ಳೆಯದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ಬಗ್ಗೆಯೇ ಗ್ರಂಥಭಾಗ ಬರೆಸಿದವರು, ಚದುರಂಗದ ಕುದುರೆಯನ್ನು ಎಲ್ಲ ಮನೆಗೂ ಓಡಿಸುವ ಒಗಟು ಬಿಡಿಸಿದವರು. ಅವರ ನಾಡಿನಲ್ಲಿ ಆಟಕ್ಕೆ ಪ್ರತಿಷ್ಠೆ ಇಲ್ಲ ಅನ್ನಲಾಗದು. ಆದರೆ ಹಳೆಯದೆಲ್ಲ ಸಂಸ್ಕೃತಿ, ಬಸ್ ಡಿಪೊ ಮಾತ್ರ ಸಂಸ್ಕೃತಿಯಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಆಟ ಆಡಿದ ಹಳ್ಳಿಯ ಹುಡುಗಿಯೊಬ್ಬಳು ಬರೆದಿದ್ದಳು, ‘ನಮ್ಮೂರ ಬಸ್ಸು ಯಾಕೆ ದಿನಾ ಲೇಟು ಅಂತ ಈಗ ತಿಳೀತು, ಆದರೂ ಕ್ಷಮಿಸೋದಿಲ್ಲ’ ಅಂತ.

ಕೊನೆಯ ಕೋರಿಕೆ ಸರ್ಕಾರಕ್ಕಲ್ಲ, ನಿಮಗೇ. ಪ್ರತಿ ವಾರ ನಿಮ್ಮ ಪುರವಣಿಯಲ್ಲಿ ಸಿನಿಮಾ ವಿಮರ್ಶೆ ಬರುತ್ತದೆ, ಎರಡು ನಕ್ಷತ್ರವೋ ಮೂರೋ ಕೊಟ್ಟು, ನಾಯಕನ ಎರಡನೇ ಅರ್ಧದ ಅಭಿನಯ ಸಪ್ಪೆ ಅಂತ ಬರೆಯುತ್ತೀರಿ. ಭಾನುವಾರ ಪುಸ್ತಕ ವಿಮರ್ಶೆ. ಗೇಮಿನ ಸುದ್ದಿ ನಿಮ್ಮಲ್ಲಿ ಬರುವುದು ಅಪರಾಧ ಪುಟದಲ್ಲಿ: ಮೊಬೈಲ್ ಕೊಡಲಿಲ್ಲ ಅಂತ ಬಾಲಕ ಮನೆ ಬಿಟ್ಟ, ಆನ್‌ಲೈನ್ ಆಟದಲ್ಲಿ ಲಕ್ಷ ಕಳೆದುಕೊಂಡ. ಅದೂ ಬರಲಿ, ಬರಲೇಬೇಕು. ಜೊತೆಗೆ ತಿಂಗಳಿಗೊಂದು ಸಲ ಅರ್ಧ ಕಾಲಂ, ಕರ್ನಾಟಕದಲ್ಲಿ ತಯಾರಾದ ಒಂದು ಆಟವನ್ನು ಆಡಿ ನೋಡಿ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಯಾರಾದರೂ ಬರೆಯಲಿ. ನಮ್ಮದನ್ನೇ ಮೊದಲು ತೆಗೆದುಕೊಂಡು ಹರಿದುಹಾಕಿದರೂ ಸರಿ. ಬನದ ಹುಣ್ಣಿಮೆಯ ಹಂತ ಅತಿ ಕಷ್ಟ ಅಂತ ದೂರುಗಳಿವೆ, ಅಪ್ಪ ಅದನ್ನು ಸುಲಭ ಮಾಡಲು ಬಿಡುತ್ತಿಲ್ಲ.

ಇತಿ ತಮ್ಮ ವಿಶ್ವಾಸಿ,
ಗೇಮ್ ತಯಾರಿಸುವ ಓದುಗರೊಬ್ಬರು
ವಿದ್ಯಾನಗರ, ಹುಬ್ಬಳ್ಳಿ